ಅಕ್ಕಲಕೋಟದ ಹುಡುಗನಿಗೆ ಪರದೇಶ ಎಲ್ಲಿಂದ ಆರಂಭ?

ಕಾಸರಗೋಡಿನ ಕನ್ನಡಿಗರಾದ ನಮಗೆ ಅಕ್ಕಲಕೋಟ ದೂರದ ಊರು. ಸೊಲ್ಲಾಪುರ ಜಿಲ್ಲೆಯ ಆ ಬಿಳಿಜೋಳದ ಸೀಮೆಗೂ ನಮ್ಮ ಕಂಗಿನ ತೋಟಗಳಿಗೂ ಹೋಲಿಕೆಯಿಲ್ಲ. ಆದರೆ ಕಾಗದದ ಮೇಲೆ ನಾವು ನೆರೆಕರೆಯವರು. 1967ರ ಮಹಾಜನ ವರದಿಯು ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಅಕ್ಕಲಕೋಟವನ್ನೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಹೇಳಿತು. ಎರಡೂ ಸೇರಲಿಲ್ಲ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆಂದಿರುವ ಕಲಮಿನಲ್ಲಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ, ಗಡಹಿಂಗ್ಲಜ ತಾಲೂಕುಗಳ ಜೊತೆಯಲ್ಲೇ ಕಾಸರಗೋಡಿನ ಹೆಸರೂ ಬರುತ್ತದೆ. ಆದುದರಿಂದ ಅಲ್ಲಿನ ಮಕ್ಕಳ ಪಾಡನ್ನು ವಿಚಾರಿಸುವುದೆಂದರೆ ನಮ್ಮ ಮಕ್ಕಳ ಪಾಡನ್ನು ವಿಚಾರಿಸಿದಂತೆಯೇ.

ಈಗ ವಿಚಾರಿಸಬೇಕಾದ ಕಾರಣವೂ ಇದೆ. ಕೇಂದ್ರ ಸರಕಾರದ ಲೆಕ್ಕದಂತೆ 2024ರಲ್ಲಿ 13 ಲಕ್ಷಕ್ಕೂ ಮಿಕ್ಕಿ ಭಾರತೀಯ ವಿದ್ಯಾರ್ಥಿಗಳು ಪರದೇಶಗಳಲ್ಲಿದ್ದರು. ಕೇರಳದಿಂದ ಹೋದ ವಿದ್ಯಾರ್ಥಿಗಳ ಸಂಖ್ಯೆ 2018ರಲ್ಲಿ ಸುಮಾರು 1.3 ಲಕ್ಷವಿದ್ದುದು 2023ರ ವಲಸೆ ಸಮೀಕ್ಷೆಯಲ್ಲಿ 2.5 ಲಕ್ಷಕ್ಕೇರಿತು. ಒಂದು ಕಾಲದಲ್ಲಿ ಬೊಂಬಾಯಿ, ಬೆಂಗಳೂರುಗಳ ಅನುಕೂಲಸ್ಥರ ಮನೆಯ ಮಾತಾಗಿದ್ದ ವಿದೇಶ ವ್ಯಾಸಂಗ ಇಂದು ಹೊಲಮನೆಯವರ ಜಗಲಿಯಲ್ಲೂ ಚರ್ಚೆಯ ವಿಷಯ.

ಮೊದಲ ಪರದೇಶ

ನಾಗಣಸೂರಿನಲ್ಲೋ ದುಧನಿಯಲ್ಲೋ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ವಿಜ್ಞಾನ ಓದಲು ಅವನು ಸೊಲ್ಲಾಪುರಕ್ಕೆ ಹೋಗುತ್ತಾನೆ. ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರ್. ಅಲ್ಲಿ ಪಾಠ ಇಂಗ್ಲಿಷಿನಲ್ಲಿ, ಕಚೇರಿಯ ವ್ಯವಹಾರ ಮರಾಠಿಯಲ್ಲಿ. ಬಾಡಿಗೆಯ ಕೋಣೆ, ಖಾನಾವಳಿಯ ಊಟ, ಉಚ್ಚಾರ ಕೇಳಿ ನಗುವ ಸಹಪಾಠಿಗಳು, ಊರಿನ ಕಡೆಯವರು ಯಾರಾದರೂ ಸಿಕ್ಕಾರೇ ಎಂಬ ಹುಡುಕಾಟ. ಮುಂದೆ ಎಂಜಿನಿಯರಿಂಗಿಗೆ ಪುಣೆ. ಅಲ್ಲಿಯೂ ಇದೇ ಕಥೆ ಇನ್ನೊಮ್ಮೆ. ಪರದೇಶದ ನಗರದಲ್ಲಿ ನೆಲೆನಿಲ್ಲುವ ಪಾಠವನ್ನು ಈ ಹುಡುಗ ವಿಮಾನ ಹತ್ತುವ ಮೊದಲೇ ಎರಡು ಬಾರಿ ಕಲಿತಿರುತ್ತಾನೆ.

ಇದಕ್ಕೆ ಕಾರಣ ನಮ್ಮ ವ್ಯವಸ್ಥೆಯಲ್ಲೇ ಇದೆ. ಸಂವಿಧಾನದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸಲು ಅನುಕೂಲ ಮಾಡಿಕೊಡಬೇಕೆನ್ನುತ್ತದೆ. ಆದರೆ ಅದು ಹೇಳುವುದು ಪ್ರಾಥಮಿಕ ಹಂತವನ್ನು ಮಾತ್ರ. ಅಲ್ಲಿಂದಾಚೆಗೆ ಮಗು ಸ್ವಂತ ಕಾಲಮೇಲೆ ನಿಲ್ಲಬೇಕು. ನಮ್ಮ ಮಕ್ಕಳಿಗೆ ತಲಪಾಡಿ ದಾಟಿದರೆ ಮಂಗಳೂರಾದರೂ ಇದೆ. ಅಕ್ಕಲಕೋಟದವರಿಗೆ ಕಲಬುರಗಿ, ವಿಜಯಪುರಗಳು ಇವೆಯಾದರೂ, ಮಹಾರಾಷ್ಟ್ರದ ವಿದ್ಯಾರ್ಥಿವೇತನ ಮತ್ತು ಮೀಸಲಾತಿಯನ್ನು ಬಿಟ್ಟುಕೊಟ್ಟು ಗಡಿ ದಾಟುವುದು ಲಾಭವೋ ನಷ್ಟವೋ ಎಂದು ಪ್ರತಿ ಮನೆಯೂ ಲೆಕ್ಕ ಹಾಕಬೇಕಾಗುತ್ತದೆ.

ಹೆಸರಿನ ತೊಡಕು

ಪರದೇಶಕ್ಕೆ ಹೊರಡುವಾಗ ಗಡಿನಾಡಿನ ಮನೆಗಳಿಗೆ ಎದುರಾಗುವ ಒಂದು ತೊಂದರೆ ನಗರದವರ ಗಮನಕ್ಕೆ ಬರುವುದಿಲ್ಲ. ಅದು ಹೆಸರಿನದು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಕನ್ನಡದ 'ಬಸವರಾಜ', ರೇಶನ್ ಕಾರ್ಡಿನಲ್ಲಿ ಮರಾಠಿಯ ಬರವಣಿಗೆ, ಅಂಕಪಟ್ಟಿಯಲ್ಲಿ ಇಂಗ್ಲಿಷಿನ ಒಂದು ಕಾಗುಣಿತ, ಆಧಾರಿನಲ್ಲಿ ಇನ್ನೊಂದು. ಮಹಾರಾಷ್ಟ್ರದಲ್ಲಿ ಅಡ್ಡಹೆಸರು ಮೊದಲು, ಕೊನೆಗೆ ತಂದೆಯ ಹೆಸರು ಬರೆಯುವ ಪದ್ಧತಿ. ನಮ್ಮಲ್ಲಾದರೋ ಮನೆತನದ್ದೋ ತಂದೆಯದೋ ಒಂದೆರಡು ಇನಿಶಿಯಲ್. ಪಾಸ್‌ಪೋರ್ಟಿನ ಎರಡು ಖಾನೆಗಳಲ್ಲಿ ಇವು ಸುಲಭವಾಗಿ ಕೂಡುವುದಿಲ್ಲ.

ಜರ್ಮನಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳ ಅಂಕಪಟ್ಟಿಗಳನ್ನು ದೆಹಲಿಯಲ್ಲಿರುವ ಎ.ಪಿ.ಎಸ್. ಎಂಬ ಕೇಂದ್ರ ಪರಿಶೀಲಿಸಿ ಪ್ರಮಾಣಪತ್ರ ಕೊಡಬೇಕೆಂಬ ನಿಯಮ 2022ರ ನವೆಂಬರಿನಿಂದ ಜಾರಿಗೆ ಬಂದಿತು. ಇಂತಹ ಪರಿಶೀಲನೆಯ ಮುಂದೆ ಒಂದಕ್ಷರದ ವ್ಯತ್ಯಾಸವೂ ವಿವರಣೆ ಬೇಡುತ್ತದೆ. ಅಫಿದವಿತ್ತು, ರಾಜ್ಯಪತ್ರದಲ್ಲಿ ಪ್ರಕಟಣೆ, ಮತ್ತೆ ಬೋರ್ಡಿಗೆ ಅರ್ಜಿ ಎಂದು ತಿಂಗಳುಗಳು ಕಳೆಯುತ್ತವೆ. ಅಷ್ಟರಲ್ಲಿ ಪ್ರವೇಶದ ಗಡುವು ಮುಗಿಯುತ್ತದೆ. ಈ ವಿಷಯದಲ್ಲಿ ಅಧ್ಯಾಪಕರಾದ ನಾವು ತಪ್ಪಿಲ್ಲದವರೆಂದು ಹೇಳಲಾರೆವು. ಒಂದನೇ ತರಗತಿಗೆ ಸೇರಿಸಲು ಬಂದ ತಂದೆಯ ಬಾಯಿಮಾತನ್ನು ಕೇಳಿ, ಜನನ ದಾಖಲೆಯನ್ನು ನೋಡದೆ, ಅವಸರದಲ್ಲಿ ಬರೆದದ್ದುಂಟು. ಆ ಗೀಟು ಹದಿನೈದು ವರ್ಷಗಳ ಮೇಲೆ ಮಗುವನ್ನು ತಡೆದು ನಿಲ್ಲಿಸುತ್ತದೆ.

ಹಣ, ಮನೆ, ಮಾತು

ಇನ್ನು ಹಣ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವಿಲ್ಲವೆಂಬುದು ನಿಜ. ಆದರೆ ಜೀವನವೆಚ್ಚಕ್ಕೆಂದು ತಡೆಹಿಡಿದ ಖಾತೆಯೊಂದರಲ್ಲಿ ಮೊದಲೇ ಹಣ ಕಟ್ಟಿ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಇದನ್ನು ವರ್ಷಕ್ಕೆ 11,904 ಯೂರೋ ಎಂದು ನಿಗದಿಪಡಿಸಲಾಯಿತು. ನಮ್ಮ ಹಣದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು. ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಏಳೂವರೆ ಲಕ್ಷ ಮೀರಿದ ವಿದ್ಯಾಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡವು ಕೇಳುತ್ತವೆ. ಅದರಲ್ಲೂ ಬೇಸಾಯದ ಭೂಮಿಯನ್ನು ಒಪ್ಪಲು ಅನೇಕ ಬ್ಯಾಂಕುಗಳು ಹಿಂಜರಿಯುತ್ತವೆ. ಹೊಲವೊಂದೇ ಆಸ್ತಿಯಾಗಿರುವ ಮನೆಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಊರು ಸೇರಿದ ಮೇಲೆ ಎರಡು ವಾರಗಳೊಳಗೆ ವಾಸದ ವಿಳಾಸವನ್ನು ಅಲ್ಲಿನ ಪುರಕಚೇರಿಯಲ್ಲಿ ನೋಂದಾಯಿಸಬೇಕು. ಅದಕ್ಕೆ ಮನೆಯೊಡೆಯನ ಚೀಟಿ ಬೇಕು. ಬ್ಯಾಂಕು, ವಾಸದ ಪರವಾನಿಗೆ ಮೊದಲಾದವಕ್ಕೆ ಈ ನೋಂದಣಿಯನ್ನು ಕೇಳುತ್ತಾರೆ. ದೊಡ್ಡ ನಗರಗಳಲ್ಲಿ ಕೋಣೆ ಸಿಗುವುದೇ ಕಷ್ಟವಾದುದರಿಂದ, ನೋಡದ ಕೋಣೆಗೆ ಮುಂಗಡ ಕಳುಹಿಸಿ ಮೋಸಹೋಗುವವರಿದ್ದಾರೆ. ವರ್ಷದಲ್ಲಿ 140 ಪೂರ್ಣ ದಿನ ಇಲ್ಲವೇ 280 ಅರ್ಧ ದಿನ ದುಡಿಯಲು ಅವಕಾಶವಿದೆ. ಆದರೆ ಜರ್ಮನ್ ಮಾತು ಬಾರದವನಿಗೆ ಕೆಲಸ ಸಿಗುವುದು ಸುಲಭವಲ್ಲ. ಕೆನಡಾ 2024ರಲ್ಲಿ ವಿದ್ಯಾರ್ಥಿ ಪರವಾನಿಗೆಗಳಿಗೆ ಮಿತಿ ಹಾಕಿತು. ಆಸ್ಟ್ರೇಲಿಯಾ ಅದೇ ವರ್ಷ ವೀಸಾ ಶುಲ್ಕವನ್ನು ಎರಡು ಪಟ್ಟಿಗೂ ಹೆಚ್ಚಿಸಿತು. ಬಾಗಿಲುಗಳು ಕಿರಿದಾಗುತ್ತಿರುವಾಗ ತಿಳಿಯದೆ ಹೆಜ್ಜೆಯಿಟ್ಟವರಿಗೆ ಪೆಟ್ಟು ಹೆಚ್ಚು.

ಕನ್ನಡ ಮಾಧ್ಯಮದ ತಪ್ಪೇ?

ಇದನ್ನೆಲ್ಲ ಕಂಡ ತಂದೆತಾಯಂದಿರು, 'ಮೊದಲೇ ಇಂಗ್ಲಿಷ್ ಶಾಲೆಗೆ ಹಾಕಿದ್ದರೆ ಈ ಪಾಡಿರುತ್ತಿರಲಿಲ್ಲ' ಎನ್ನುತ್ತಾರೆ. ಇದನ್ನು ತಳ್ಳಿಹಾಕಿ ನಾವು ಭಾಷಣ ಮಾಡಬಾರದು. ಸೊಲ್ಲಾಪುರದ ಮೊದಲ ವರ್ಷದಲ್ಲಿ ಇಂಗ್ಲಿಷ್ ಪಾಠ ತಿಳಿಯದೆ ಕಂಗೆಟ್ಟು ಓದು ಬಿಡುವ ಮಕ್ಕಳಿದ್ದಾರೆ. ಆದರೆ ಆ ಕೊರತೆ ಮಾಧ್ಯಮದ್ದಲ್ಲ, ಇಂಗ್ಲಿಷನ್ನು ಒಂದು ಭಾಷೆಯಾಗಿ ನಾವು ಸರಿಯಾಗಿ ಕಲಿಸದುದರದ್ದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ತರಗತಿಯಲ್ಲಿ ಹಿಂದಿ ಮತ್ತು ಇಂಗ್ಲಿಷ್ ಬಳಸಿ ಬೆಳೆದವನಿಗೆ ಐದನೆಯ ಭಾಷೆ ಭೂತವಾಗಬೇಕಾಗಿಲ್ಲ.

ಸೊಲ್ಲಾಪುರದಲ್ಲೇ ಇದಕ್ಕೆ ನಿದರ್ಶನಗಳಿವೆ. 1910ರಲ್ಲಿ ಆ ಊರಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸರು 1938ರಲ್ಲಿ ವೈದ್ಯತಂಡದೊಡನೆ ಚೀನಕ್ಕೆ ಹೋದಾಗ ಚೀನೀ ಭಾಷೆ ಬಲ್ಲವರಾಗಿರಲಿಲ್ಲ. ಅದನ್ನು ಅಲ್ಲಿಯೇ ಕಲಿತು, 1942ರಲ್ಲಿ ತೀರಿಕೊಳ್ಳುವವರೆಗೂ ಗಾಯಾಳುಗಳ ಸೇವೆ ಮಾಡಿದರು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಓದಿ, ಆಮೇಲೆ ಕನ್ನಡ ಕಲಿತು, 1974ರ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾದರು.

ಮಾಡಬೇಕಾದುದು

ಕೇರಳದಲ್ಲಿ ನೋರ್ಕಾ ಸಂಸ್ಥೆ ಪ್ರಮಾಣಪತ್ರಗಳ ದೃಢೀಕರಣಕ್ಕೆ ನೆರವಾಗುತ್ತದೆ. ನಮ್ಮ ಜಿಲ್ಲೆಯ ಮನೆಮನೆಗೂ ಅದು ಗೊತ್ತು. ಅಕ್ಕಲಕೋಟದ ಹಳ್ಳಿಯಲ್ಲಿ ದಾರಿ ತೋರಿಸುವ ಹಾಗೆ ಇದ್ದವರು ಹೆಚ್ಚಾಗಿ ಏಜೆಂಟರೇ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಹೊರರಾಜ್ಯದ ಕನ್ನಡ ಶಾಲೆಗಳಿಗೆ ಕಟ್ಟಡದ ನೆರವು ಕೊಡುವುದರೊಂದಿಗೆ ಇಂತಹ ಮಾಹಿತಿ ಕೇಂದ್ರವೊಂದನ್ನು ಅಕ್ಕಲಕೋಟದಲ್ಲಿಯೂ ಒಂದನ್ನು ಕಾಸರಗೋಡಿನಲ್ಲಿಯೂ ತೆರೆದರೆ ಖರ್ಚು ದೊಡ್ಡದಲ್ಲ. ಇಂಗ್ಲೆಂಡಿನಲ್ಲಿ ಕನ್ನಡ ಬಳಗವಿದೆ, ಫ್ರಾಂಕ್‌ಫರ್ಟಿನ ಸುತ್ತಿನಲ್ಲಿ ರೈನ್-ಮೈನ್ ಕನ್ನಡ ಸಂಘವಿದೆ. ಲಂಡನ್ನಿನಲ್ಲಿ 1932ರಿಂದ ಮಹಾರಾಷ್ಟ್ರ ಮಂಡಳವೂ ಇದೆ. ಅಕ್ಕಲಕೋಟದ ಹುಡುಗ ಎರಡೂ ಬಾಗಿಲು ತಟ್ಟಬಲ್ಲ. ಹೊಸ ಊರಿನ ಮೊದಲ ವಾರದಲ್ಲಿ ಮಲಗಲು ಜಾಗ ಮತ್ತು ನಂಬುವ ಒಬ್ಬ ಮನುಷ್ಯ, ಇವೆರಡು ಸಿಕ್ಕಿದರೆ ಅರ್ಧ ಕಷ್ಟ ಕಳೆಯಿತು.

ಸರಕಾರಗಳು ಮಾಡುವುದನ್ನು ಕಾಯದೆ ನಾವೇ ಮಾಡಬಹುದಾದುದು ಒಂದಿದೆ. ಎಂಟನೆಯ ತರಗತಿಯಲ್ಲಿಯೇ ಪ್ರತಿ ಮಗುವಿನ ಜನನ ದಾಖಲೆ, ಶಾಲಾ ಪುಸ್ತಕ ಮತ್ತು ಆಧಾರನ್ನು ಒಂದೆಡೆ ಇಟ್ಟು ಹೆಸರು, ತಾರೀಕುಗಳನ್ನು ತಾಳೆ ನೋಡೋಣ. ಹತ್ತನೆಯ ತರಗತಿಯ ಪ್ರಮಾಣಪತ್ರ ಅಚ್ಚಾಗುವ ಮೊದಲು ತಿದ್ದುವುದು ಸುಲಭ. ಬರುವ ಜೂನಿನಲ್ಲಿ ಶಾಲೆ ತೆರೆಯುವಾಗ ತಂದೆತಾಯಂದಿರು ಈ ಕಾಗದಗಳನ್ನು ತರಲಿ. ಅಧ್ಯಾಪಕರಾದ ನಾವು ಒಂದು ಸಂಜೆ ಹೆಚ್ಚು ಹೊತ್ತು ಕುಳಿತು ನೋಡಿಕೊಡೋಣ.