ಚಳಿಗೆ ಸ್ಟಾರ್ಟ್ ಆಗದ ಹಳೇ ಗಾಡಿಯ ಪಾಡು

ಧನುರ್ಮಾಸದ ಬೆಳಗಿನ ಜಾವ ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಹಾಲಿನ ಕ್ಯಾನು ಹೊರುವ ಹಳೆಯ ಮೊಪೆಡ್‌ಗಳು ಬೇಗ ಸ್ಟಾರ್ಟ್ ಆಗುವುದಿಲ್ಲ. ಕಾರ್ಬುರೇಟರ್ ಇರುವ ಹಳೆಯ ಜೀಪು, ವ್ಯಾನುಗಳದೂ ಅದೇ ಪಾಡು. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದು. ಚೋಕ್ ಎಳೆದಾಗ ಒಳಹೋಗುವ ಗಾಳಿ ತಗ್ಗಿ, ಪೆಟ್ರೋಲಿನ ಪಾಲು ಹೆಚ್ಚಿ ಕಿಡಿ ಹತ್ತುತ್ತದೆ. ಚೋಕ್ ಎಳೆದೇ ಕಿಕ್ ಹೊಡೆಯುತ್ತಿದ್ದರೆ ಪ್ಲಗ್ ಒದ್ದೆಯಾಗುತ್ತದೆ, ಬಿಚ್ಚಿ ಒರೆಸಬೇಕು.

ಈಗ ಎಥನಾಲ್ ಕೂಡ ಸೇರಿದೆ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಅದರ ಪಾಲು ಶೇ. 20 ಮುಟ್ಟಿತು. ಆವಿಯಾಗಲು ಅದಕ್ಕೆ ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಕು. ನೀರನ್ನು ಹೀರುವ ಗುಣವೂ ಉಂಟು. ಹಳೆಯ ರಬ್ಬರ್ ಪೈಪು, ವಾಷರ್‌ಗಳು ಅದಕ್ಕೆ ಬಾಳುವುದಿಲ್ಲ. ಹೊಸ ಗಾಡಿಗಳ ಇಂಜೆಕ್ಷನ್ ವ್ಯವಸ್ಥೆ ಚಳಿಯನ್ನು ಸೆನ್ಸರಿನಿಂದ ತಿಳಿದು ಇಂಧನ ಹೆಚ್ಚಿಸುತ್ತದೆ. ಕಾರ್ಬುರೇಟರಿನ ಜೆಟ್ ಹಾಗೆ ಹೊಂದಿಕೊಳ್ಳದು.

1933ರಿಂದ ಮೈಷುಗರ್ ಕಾರ್ಖಾನೆಯನ್ನು ಕಂಡ ಮಂಡ್ಯದ ರೈತನಿಗೆ ಎಥನಾಲ್ ಶತ್ರುವಲ್ಲ, ಕಬ್ಬಿಗೆ ಇನ್ನೊಂದು ಮಾರುಕಟ್ಟೆ. ಹಾಗೆಂದು ಅವನ ಹಳೆಯ ಗಾಡಿಯ ರಿಪೇರಿ ಖರ್ಚನ್ನು ಅವನ ತಲೆಗೇ ಕಟ್ಟುವುದು ನ್ಯಾಯವಲ್ಲ.

ಬಂಕುಗಳಲ್ಲಿ ಶೇ. 10 ಎಥನಾಲಿನ ಪೆಟ್ರೋಲೂ ಸಿಗಬೇಕು. ತೈಲ ಕಂಪನಿಗಳೇ ತಾಲ್ಲೂಕು ಮಟ್ಟದ ಮೆಕ್ಯಾನಿಕ್‌ಗಳಿಗೆ ತರಬೇತಿ ಕೊಡಬೇಕು. ಎಥನಾಲ್ ತಾಳುವ ಪೈಪು, ವಾಷರ್‌ಗಳು ಮಳವಳ್ಳಿಯ ಅಂಗಡಿಯಲ್ಲೂ ಕೈಗೆಟುಕುವ ಬೆಲೆಗೆ ದೊರೆಯಬೇಕು.