ಪಂಜುರ್ಲಿ ವೇಷವೂ ಫ್ಯಾನ್ಸಿ ಡ್ರೆಸ್ಸೂ

ಅಕ್ಕಂದ್ರೇ, ತಂಗೆಕ್ಕಳೇ, ಇಂದು ಅಡಿಗೆ ಸುದ್ದಿ ಅಲ್ಲ. ಶಾಲೆ ವಾರ್ಷಿಕೋತ್ಸವಕ್ಕೆ, ಮದುವೆಯ ಹಿಂದಾಣ ದಿನದ ಮನರಂಜನೆಗೆ ಹೇಳಿ ಮಕ್ಕಳ ಮೋರೆಗೆ ಅರಶಿನ ಬಣ್ಣ ಉದ್ದಿ, ಥರ್ಮಕೋಲಿಲಿ ಹಂದಿಮೊಗ ಮಾಡಿ ಕಟ್ಟಿ, ಫೋನಿಲಿ ಸಿನೆಮದ ಪದ ಹಾಕಿ ಬೊಬ್ಬೆ ಹೊಡೆಶುದು ಇದ್ದನ್ನೆ, ಅದು ಎನಗೆ ರಜವೂ ಹಿಡಿಶುತ್ತಿಲ್ಲೆ. ದೈವಕ್ಕೆ ಕೋಪ ಬಕ್ಕು ಹೇಳಿ ಹೆದರ್ಸಲೆ ಬರವದಲ್ಲ. ದೈವದ ಕೋಪವ ದೈವವೇ ನೋಡಿಗೊಳಲಿ.

"ಮಕ್ಕೊಗೆ ಸಂಸ್ಕೃತಿ ಗೊಂತಾಗಲಿ ಅತ್ತಿಗೆ" ಹೇಳ್ತವು. ಯಕ್ಷಗಾನಲ್ಲಿ ದೇವಿ ವೇಷ ಹಾಕುತ್ತವಿಲ್ಲೆಯಾ ಹೇಳಿಯೂ ಕೇಳ್ತವು. ಯಕ್ಷಗಾನ ಆಟ. ಹಾಕಿದವಕ್ಕೂ ನೋಡಿದವಕ್ಕೂ ಅದು ಆಟ ಹೇಳಿ ಗೊಂತಿದ್ದು. ಕೋಲ ಹಾಂಗಲ್ಲ. ಎಣ್ಣೆಬೂಳ್ಯ ತೆಕ್ಕೊಂಡು ಮಿಂದು ಬಂದು, ಅರದಾಳ ಹಾಕಿ, ತೆಂಗಿನ ತಿರಿ ಕಟ್ಟಿ, ಗಗ್ಗರ ಕಟ್ಟಿದ ಮತ್ತೆಯೇ ಆ ಜನ ದೈವ. ಲೋಹದ ಮೊಗ ಭಂಡಾರಂದ ಹೆರ ಬಪ್ಪದೂ ಅಂಬಗಳೇ. ಊರಿನ ಎಷ್ಟೋ ಜಾಗೆ ತಕರಾರು ಅದರೆದುರೇ ತೀರ್ಮಾನ ಆಯಿದು. ಥರ್ಮಕೋಲಿನ ಎದುರು ಎಂತ ತೀರ್ಮಾನ ಅಕ್ಕು?

ಇನ್ನೊಂದು, ನಿಂಗೊಗೇ ಹೇಳೆಕ್ಕಾದ್ದು. ಕೋಲದ ವಿಡಿಯೋಂಗೊ ಎಲ್ಲ ಕೊಣಿವಲ್ಲಿಂದ ಸುರು. ಅದಕ್ಕೆ ಮದಲು, ಗೆಂಡ ಬಣ್ಣ ಹಾಕಿಗೊಂಡಿಪ್ಪಗ, ಕರೆಲಿ ಕೂದು ತೆಂಬರೆ ಬಡುದು ಪಾಡ್ದನ ಹೇಳುದು ಹೆಚ್ಚಾಗಿ ಹೆಮ್ಮಕ್ಕಳೇ, ಹೆಂಡತಿಯೋ ಅಬ್ಬೆಯೋ. ದೈವ ಎಲ್ಲಿ ಹುಟ್ಟಿತ್ತು, ಎಲ್ಲಿಂದ ಎಲ್ಲಿಗೆ ಬಂತು ಹೇಳುವ ಇಡೀ ಕತೆ ಇಪ್ಪದು ಅವರ ಬಾಯಿಲಿ. ಅವಕ್ಕೆ ಮೈಕ್ ಇಲ್ಲೆ. ನಾವು ಊಟಕ್ಕೆ ಕೂಪದೂ ಅದೇ ಹೊತ್ತಿಂಗೆ.

ನಲಿಕೆ, ಪಂಬದ, ಪರವರು ತಲೆತಲಾಂತರಂದ ಮಾಡಿಗೊಂಡು ಬಂದ ಕೆಲಸ ಇದು. ಇರುಳು ಅವರೆದುರು ಕೈಮುಗುದು ತುಳುವಿಲಿ "ಈರ್" ಹೇಳಿದ ಯಜಮಾನಕ್ಕಳೇ, ಉದಿಯಪ್ಪಗ ಬಣ್ಣ ಹೋದ ಕೂಡ್ಲೆ "ಈ" ಹೇಳಿ ದೆನಿಗೇಳ್ತವು. ಬಾಳೆ ಹಾಕುದು ಜಾಲ ಕರೆಲಿ. ಇದು ಯಾವ ಸಂಸ್ಕೃತಿ?

ಕಾಂತಾರ ಬಂದ 2022ರಲ್ಲಿ ಸರಕಾರ 60 ವರ್ಷ ಕಳುದ ದೈವನರ್ತಕರಿಂಗೆ ತಿಂಗಳಿಂಗೆ 2000 ರೂಪಾಯಿ ಮಾಸಾಶನ ಹೇಳಿ ಘೋಷಣೆ ಮಾಡಿತ್ತು. ತಿಂಗಳಿಂಗೆ 2000! ಮಾಣಿಯ ಒಂದು ದಿನದ ವೇಷಕ್ಕೆ, ಮೇಕಪ್ಪಿಂಗೆ, ಫೋಟೋಕ್ಕೆ ಎಷ್ಟು ಹೋತು ಹೇಳಿ ನಿಂಗಳೇ ಲೆಕ್ಕ ಹಾಕಿ. 2025ರಲ್ಲಿ ಆ ಸಿನೆಮದ ಮುಂದಾಣದ್ದು ಬಂದಪ್ಪಗ, ಮಾಡಿದವೇ ದೈವದ ಅನುಕರಣೆ ಮಾಡೆಡಿ ಹೇಳಿ ಕೇಳಿಗೊಂಡವು. ತೋರ್ಸಿದ್ದೂ ಅವೇ, ಬೇಡ ಹೇಳಿದ್ದೂ ಅವೇ. ಆ ಪಂಚಾತಿಗೆ ಬೇರೆ.

ಮಕ್ಕೊಗೆ ಗೊಂತಾಯೆಕ್ಕಾರೆ ಕೋಲಕ್ಕೆ ಬೇಗ ಕರಕ್ಕೊಂಡು ಹೋಗಿ, ಪಾಡ್ದನ ಹೇಳುವವರ ಹತ್ತರೆ ಕೂರ್ಸಿ. ನಿಂಗಳ ತರವಾಡು ಮನೆಲಿ ಈ ವರ್ಷ ಕೋಲ ಇದ್ದರೆ, ಆ ಹೆಮ್ಮಕ್ಕೊಗೂ ಗೆಂಡುಮಕ್ಕೊಗೂ ಬಾಳೆ ಚಾವಡಿಲೇ ಹಾಕಿ. ಬಳುಸುದು ನಾವೇ ಅಲ್ಲದೋ, ಆರ ಕೇಳೆಕ್ಕು?