ಬ್ಯಾಟರಿಯ ಮೇಲೆ ಬಂದ ಅಪವಾದ

ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಹಳೆಯ ವ್ಯಾನೊಂದನ್ನು ಕಲ್ಪಿಸಿಕೊಳ್ಳಿ. ಬೆಳಿಗ್ಗೆ ಏಳೂವರೆ ಗಂಟೆ. ಚಾಲಕ ಕೀ ತಿರುಗಿಸಿದರೆ ‘ಟಕ್ ಟಕ್’ ಎಂಬ ಸದ್ದಷ್ಟೇ. ನಾಲ್ಕು ಜನ ಸೇರಿ ತಳ್ಳಿದ ಮೇಲೆ ವ್ಯಾನು ಹೊರಟಿತು. ತಳ್ಳಿದವರೆಲ್ಲರ ತೀರ್ಪೂ ಒಂದೇ: ‘ಬ್ಯಾಟರಿ ಹೋಗಿದೆ.’ ಆತ ಸಂಜೆಯೇ ಕೈಸಾಲ ಮಾಡಿ ಹೊಸ ಬ್ಯಾಟರಿ ತಂದ. ಹಳೆಯದನ್ನು ಅಂಗಡಿಗೇ ಕೊಟ್ಟಿದ್ದರಿಂದ ಬೆಲೆಯಲ್ಲಿ ಒಂದಿಷ್ಟು ಮುರಿದುಕೊಂಡರು. ಐದನೆಯ ದಿನ ಬೆಳಿಗ್ಗೆ ಮತ್ತೆ ಅದೇ ಟಕ್ ಟಕ್!

ಬ್ಯಾಟರಿ ಎಂಬುದು ತಾರಸಿಯ ಮೇಲಿನ ನೀರಿನ ಟ್ಯಾಂಕ್ ಇದ್ದಂತೆ. ನೀರೆತ್ತುವ ಪಂಪು ಕೆಟ್ಟಿದ್ದರೆ ಟ್ಯಾಂಕ್ ಬದಲಿಸಿ ಫಲವೇನು? ವಾಹನದಲ್ಲಿ ಆ ಪಂಪಿನ ಕೆಲಸ ಆಲ್ಟರ್ನೇಟರಿನದು. ಎಂಜಿನ್ ಶುರುವಾಗುವ ಒಂದೆರಡು ಕ್ಷಣ ಮಾತ್ರ ಬ್ಯಾಟರಿಯ ಪಾಳಿ. ಆಮೇಲೆ ದೀಪ, ವೈಪರ್, ಇಗ್ನಿಷನ್ ಎಲ್ಲಕ್ಕೂ ವಿದ್ಯುತ್ ಒದಗಿಸಿ, ಬ್ಯಾಟರಿಯನ್ನೂ ತುಂಬುವುದು ಆಲ್ಟರ್ನೇಟರ್. ಅದು ನಿಂತರೆ ಏನಾದೀತು? ಲೆಕ್ಕ ಹಾಕಿ. ಚಿಕ್ಕ ಕಾರಿನ ಬ್ಯಾಟರಿ ಸುಮಾರು 35 ಆಂಪಿಯರ್-ಗಂಟೆ. ರಾತ್ರಿ ಮಳೆಯಲ್ಲಿ ಎಲ್ಲ ಸೇರಿ 15 ಆಂಪಿಯರ್ ಖರ್ಚಾದರೆ ಕಾಗದದ ಮೇಲೆ ಎರಡು ಗಂಟೆ ಇಪ್ಪತ್ತು ನಿಮಿಷ. ನಿಜದಲ್ಲಿ ಅದಕ್ಕೂ ಮೊದಲೇ ದೀಪ ಮಂಕಾಗಿ ಎಂಜಿನ್ ತಡವರಿಸುತ್ತದೆ. ಆಗ ವ್ಯಾನು ಊರಿನ ಬೀದಿಯಲ್ಲಿರಬಹುದು, ಘಾಟಿಯ ತಿರುವಿನಲ್ಲೂ ಇರಬಹುದು.

ಒಳಗಿನ ತತ್ತ್ವ ಹೊಸದಲ್ಲ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. ಎಂಜಿನ್ನಿನ ಬೆಲ್ಟ್ ಒಂದು ವಿದ್ಯುತ್ಕಾಂತವನ್ನು ತಿರುಗಿಸುತ್ತದೆ. ಸುತ್ತ ನಿಶ್ಚಲವಾಗಿರುವ ತಂತಿ ಸುರುಳಿಗಳಲ್ಲಿ ಪರ್ಯಾಯ ವಿದ್ಯುತ್ ಹುಟ್ಟುತ್ತದೆ. ಬ್ಯಾಟರಿಗೆ ಅದು ಒಗ್ಗದು; ಆದ್ದರಿಂದ ಸಿಲಿಕಾನ್ ಡಯೋಡುಗಳು ಅದನ್ನು ಏಕಮುಖ ಪ್ರವಾಹವಾಗಿಸುತ್ತವೆ. ವೋಲ್ಟೇಜು ಮಿತಿ ಮೀರದಂತೆ ಕಾಯಲು ರೆಗ್ಯುಲೇಟರ್ ಇದೆ. ತಿರುಗುವ ವಿದ್ಯುತ್ಕಾಂತಕ್ಕೂ ಮೂರು-ನಾಲ್ಕು ಆಂಪಿಯರ್ ಬೇಕಲ್ಲ? ಅದನ್ನು ಮುಟ್ಟಿಸುವುದು ತಾಮ್ರದ ಎರಡು ಉಂಗುರಗಳ ಮೇಲೆ ಉಜ್ಜುತ್ತಾ ಕೂರುವ ಎರಡು ಕಾರ್ಬನ್ ಬ್ರಷ್‌ಗಳು. ಬಳಪದ ಚೂರಿನಂತೆ ಇವು ಸವೆಯುತ್ತವೆ, ಆದರೆ ವರ್ಷಗಟ್ಟಲೆ ನಿಧಾನವಾಗಿ.

ನಮ್ಮ ಚಾಲಕ ಕೊನೆಗೆ ಹಳೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಹೋದನೆನ್ನಿ. ಟಾರ್ಚ್ ಹಿಡಿಯಲು ಹತ್ತನೆಯ ತರಗತಿಯ ಮಗನೂ ಜೊತೆಗಿದ್ದ. ಅವರು ಮೊದಲು ಬೆಲ್ಟ್ ಒತ್ತಿ ನೋಡಿದರು. ಸಡಿಲವಾದ ಬೆಲ್ಟ್ ಜಾರಿ ಕಿರುಚುವುದುಂಟು. ಎಷ್ಟೋ ವಾಹನಗಳ ಕಾಯಿಲೆ ಅಷ್ಟಕ್ಕೇ ಮುಗಿಯುತ್ತದೆ. ಇಲ್ಲಿ ಬೆಲ್ಟ್ ಬಿಗಿಯಾಗಿಯೇ ಇತ್ತು. ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 12.3 ವೋಲ್ಟ್. ಪೂರ್ತಿ ತುಂಬಿದ ಬ್ಯಾಟರಿ 12.6ರ ಆಸುಪಾಸು ತೋರಬೇಕು. ಎಂಜಿನ್ ಓಡುವಾಗ ಆ ಅಂಕಿ 13.8ರಿಂದ 14.5ರವರೆಗೆ ಏರಬೇಕು. ಇಲ್ಲಿ ಏರಲಿಲ್ಲ, ಹೆಡ್‌ಲೈಟ್ ಹಾಕಿದೊಡನೆ ಇನ್ನಷ್ಟು ಇಳಿಯಿತು. ಪಂಪು ನಿಂತಿದೆ ಎಂಬುದು ಖಚಿತವಾಯಿತು.

‘ಕೆಂಪು ದೀಪ ಒಂದು ದಿನವೂ ಹತ್ತಿಲ್ಲ ಅಣ್ಣಾ, ಚಾರ್ಜಿಂಗ್ ಸರಿ ಇದೆ ಅಂದ್ಕೊಂಡೆ’ ಎಂದ ಚಾಲಕ.

‘ಅದು ಹತ್ತದೇ ಇದ್ದದ್ದೇ ತಪ್ಪು ಕಣಯ್ಯಾ.’

ಇಂಥ ಹಳೆಯ ವಾಹನಗಳಲ್ಲಿ ಕೀ ತಿರುಗಿಸಿದಾಗ, ಎಂಜಿನ್ ಓಡುವ ಮೊದಲು, ಬ್ಯಾಟರಿ ಚಿತ್ರದ ಆ ದೀಪ ಹತ್ತಲೇಬೇಕು. ವಿದ್ಯುತ್ಕಾಂತಕ್ಕೆ ಮೊದಲ ಪ್ರವಾಹ ಹೋಗುವುದು ಆ ದೀಪದ ಮೂಲಕವೇ. ದೀಪ ಹತ್ತದಿದ್ದರೆ ಬಲ್ಬ್ ಸುಟ್ಟಿದೆ, ಇಲ್ಲವೇ ದಾರಿ ಎಲ್ಲೋ ಕಡಿದಿದೆ. ಅವರು ಆಲ್ಟರ್ನೇಟರಿನಿಂದ ದೀಪದ ಸಣ್ಣ ತಂತಿ ಕಳಚಿ ಎಂಜಿನ್ನಿನ ಲೋಹಕ್ಕೆ ತಾಗಿಸಿದರು. ದೀಪ ಹತ್ತಿತು. ಬಲ್ಬೂ ತಂತಿಯೂ ನೆಟ್ಟಗಿವೆ, ದಾರಿ ಕಡಿದಿರುವುದು ಆಲ್ಟರ್ನೇಟರಿನ ಒಳಗೆ! (ಪಕ್ಕದ ದಪ್ಪ ತಂತಿಯೊಡನೆ ಹೀಗೆ ಆಟವಾಡಕೂಡದು. ಅದು ನೇರ ಬ್ಯಾಟರಿಯದು, ಕಿಡಿ ಹಾರೀತು. ಓಡುವ ಬೆಲ್ಟಿನ ಹತ್ತಿರ ಕೈಯನ್ನಾಗಲಿ ಸೆರಗನ್ನಾಗಲಿ ಒಯ್ಯಕೂಡದು.)

ಇಷ್ಟರಲ್ಲಿ ನೆರೆಯವರೊಬ್ಬರ ಸಲಹೆ ಬಂತು: ‘ಎಂಜಿನ್ ಓಡ್ತಿರುವಾಗ ಬ್ಯಾಟರಿ ವೈರ್ ಕಿತ್ತು ನೋಡಿ. ನಿಂತರೆ ಆಲ್ಟರ್ನೇಟರ್ ಕೆಟ್ಟಿದೆ ಅಂತ.’ ಈ ಉಪಾಯ ಸುಳ್ಳಲ್ಲ, ಆದರೆ ಅದು ಡೈನಮೋ ಕಾಲದ್ದು. ಹಿಂದಿನ ಅಂಬಾಸಿಡರ್, ಫಿಯಟ್‌ಗಳಲ್ಲಿ ಇದ್ದದ್ದು ಡೈನಮೋ. ಎಂಜಿನ್ ನಿಧಾನವಾದಾಗ ಅದು ಚಾರ್ಜ್ ಮಾಡುತ್ತಿರಲಿಲ್ಲ, ಕೆಂಪು ದೀಪ ಮಿನುಗುತ್ತಿತ್ತು. ಆ ದೀಪವನ್ನು ಅಲಕ್ಷಿಸುವ ಅಭ್ಯಾಸ ಹಿರಿಯರಿಗೆ ಅಂಟಿದ್ದು ಬಹುಶಃ ಅಲ್ಲಿಂದಲೇ. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಹಾಕಿತು. ಅಗ್ಗದ ಸಿಲಿಕಾನ್ ಡಯೋಡ್ ಬಂದದ್ದರಿಂದಲೇ ಅದು ಸಾಧ್ಯವಾಯಿತು. ಡಯೋಡಿಗೆ ಹಠಾತ್ ವೋಲ್ಟೇಜು ಆಗದು. ಚಾರ್ಜಾಗುತ್ತಿರುವ ಬ್ಯಾಟರಿಯನ್ನು ತಟ್ಟನೆ ಕಿತ್ತರೆ ವೋಲ್ಟೇಜು ಒಮ್ಮೆಲೇ ಜಿಗಿದು ಡಯೋಡು, ರೆಗ್ಯುಲೇಟರು, ಈಗಿನ ಕಾರುಗಳಲ್ಲಿ ಕಂಪ್ಯೂಟರೂ ಸುಟ್ಟೀತು. ಎಲೆಕ್ಟ್ರಿಷಿಯನ್ ಸಲಹೆ ಕೇಳಿ ನಕ್ಕು ಸ್ಪ್ಯಾನರ್ ಎತ್ತಿಕೊಂಡರು.

ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಆಮೇಲೆ ಆಲ್ಟರ್ನೇಟರ್ ಇಳಿಸಿದರು. ಒಂದೂವರೆ ಸೆಂ.ಮೀ.ನಷ್ಟು ಇರಬೇಕಾದ ಬ್ರಷ್ ಮೂರು ಮಿ.ಮೀ.ಗೆ ಇಳಿದಿತ್ತು. ಸ್ಪ್ರಿಂಗ್ ಒತ್ತಿದರೂ ಉಂಗುರಕ್ಕೆ ತಾಗುತ್ತಿರಲಿಲ್ಲ. ಹೊಸ ಜೋಡಿಯನ್ನು ಬೆಸುಗೆ ಹಾಕಿ, ಕಪ್ಪಾದ ಉಂಗುರಗಳನ್ನು ನಯವಾದ ಮರಳು ಕಾಗದದಿಂದ ಉಜ್ಜಿ ಮರಳಿ ಕೂರಿಸಿದರು. ಕೀ ತಿರುಗಿಸಿದರೆ ಕೆಂಪು ದೀಪ ಹತ್ತಿತು, ಎಂಜಿನ್ ಓಡಿದಾಗ ಆರಿತು. ಮೀಟರಿನಲ್ಲಿ 14.1.

ಆಮೇಲೆ ಅವರು ಮೀಟರನ್ನು ಎ.ಸಿ. ಅಳತೆಗೆ ತಿರುಗಿಸಿ ಮತ್ತೆ ಬ್ಯಾಟರಿಗೆ ಹಿಡಿದರು. ಹುಡುಗನಿಗೆ ಆಶ್ಚರ್ಯ. ಡಯೋಡ್ ಸುಟ್ಟಿದ್ದರೆ ಒಂದಷ್ಟು ಪರ್ಯಾಯ ವಿದ್ಯುತ್ ನುಸುಳುತ್ತದೆ. ಅರ್ಧ ವೋಲ್ಟ್ ದಾಟಿದರೆ ಸಂಶಯಪಡಬೇಕು. ಇಲ್ಲಿ ಹಾಗೇನೂ ಇರಲಿಲ್ಲ. ಡಿ.ಸಿ. ಅಂಕಿ 15 ದಾಟಿದ್ದರೆ ರೆಗ್ಯುಲೇಟರ್ ಕೆಟ್ಟಿದೆಯೆಂದು ಅರ್ಥ. ಬ್ಯಾಟರಿ ಕುದ್ದು ಕೊಳೆತ ಮೊಟ್ಟೆಯ ವಾಸನೆ ಬರುವುದು ಆಗಲೇ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ವೋಲ್ಟೇಜನ್ನು ಏರಿಳಿಸುವುದರಿಂದ ಈ ಅಂಕಿಗಳನ್ನು ಕೈಪಿಡಿ ನೋಡಿಯೇ ಅರ್ಥೈಸಬೇಕು.

ಬ್ರಷ್ಷು, ಕೂಲಿ ಎರಡೂ ಸೇರಿ ಬ್ಯಾಟರಿಗೆ ಕೊಟ್ಟದ್ದರ ಒಂದು ಸಣ್ಣ ಪಾಲು. ‘ಹಾಗಾದ್ರೆ ಹಳೇ ಬ್ಯಾಟರಿ ಚೆನ್ನಾಗೇ ಇತ್ತಾ?’ ಎಂದು ಹುಡುಗ ಕೇಳಿದ. ‘ಒಂದು ರಾತ್ರಿ ಚಾರ್ಜಿಗೆ ಹಾಕಿ ನೋಡಿದ್ದರೆ ಗೊತ್ತಾಗ್ತಿತ್ತು ಮರಿ’ ಎಂದರು ಅವರು. ಅದು ಅಷ್ಟರಲ್ಲಿ ಗುಜರಿ ಲಾರಿ ಹತ್ತಿಯಾಗಿತ್ತು.